ಪೃಚ್ಛನೆಯೂ ಪರದೆಯೂ: ತರಗತಿಯ ಆನ್‌ಲೈನ್ ರಸಪ್ರಶ್ನೆಯನ್ನು ಕುರಿತು

ಜೈನ ಪುರಾಣಗಳು ಸಾಮಾನ್ಯವಾಗಿ ಒಂದು ಪ್ರಶ್ನೆಯಿಂದ ತೆರೆದುಕೊಳ್ಳುತ್ತವೆ. ಮಗಧದ ಅರಸನಾದ ಶ್ರೇಣಿಕನು ಮಹಾವೀರರ ಸಮವಸರಣಕ್ಕೆ ಬಂದು, ಗೌತಮ ಗಣಧರರಿಗೆ ವಂದಿಸಿ, ಪುರಾಣಪುರುಷರ ಚರಿತವನ್ನು ತಿಳಿಸಬೇಕೆಂದು ಬಿನ್ನವಿಸುತ್ತಾನೆ. ಗಣಧರರು ಕೊಡುವ ಉತ್ತರವೇ ಪುರಾಣವಾಗಿ ಹರಿಯುತ್ತದೆ. ಕೇಳುವವನಿಲ್ಲದಿದ್ದರೆ ಹೇಳುವುದಕ್ಕೆ ಅವಕಾಶವಿಲ್ಲ ಎಂಬ ತಿಳಿವಳಿಕೆ ಈ ಚೌಕಟ್ಟಿನಲ್ಲಿ ಅಡಗಿದೆ. ಕನ್ನಡದ ‘ಕೇಳು’ ಎಂಬ ಧಾತುವಿಗೆ ಪ್ರಶ್ನಿಸು, ಆಲಿಸು ಎಂಬ ಎರಡು ಅರ್ಥಗಳೂ ಇರುವುದನ್ನು ಇಲ್ಲಿ ನೆನೆಯಬಹುದು. ಶ್ರೇಣಿಕನು ಎರಡು ಅರ್ಥದಲ್ಲಿಯೂ ಕೇಳುವವನು: ಮೊದಲು ಪ್ರಶ್ನಿಸುತ್ತಾನೆ, ಅನಂತರ ಆಲಿಸುತ್ತಾನೆ.

ಶ್ವೇತಾಂಬರ ಆಗಮಗಳಲ್ಲಿ ಒಂದಾದ ವ್ಯಾಖ್ಯಾಪ್ರಜ್ಞಪ್ತಿಯ ಕಟ್ಟೋಣವೂ ಪ್ರಶ್ನೋತ್ತರದ್ದೇ. ಭಗವತೀಸೂತ್ರವೆಂದು ಪ್ರಸಿದ್ಧವಾದ ಈ ಗ್ರಂಥದಲ್ಲಿ 36,000 ಪ್ರಶ್ನೆಗಳಿದ್ದುವೆಂದು ಸಂಪ್ರದಾಯ ಹೇಳುತ್ತದೆ. ಅವುಗಳಲ್ಲಿ ಬಹುಪಾಲು ಗೌತಮರು ಮಹಾವೀರರಿಗೆ ಕೇಳಿದವು. ಶ್ರೇಣಿಕನಿಗೆ ಉತ್ತರ ಹೇಳುವ ಅದೇ ಗೌತಮರು ಇಲ್ಲಿ ಪ್ರಶ್ನೆ ಕೇಳುವ ಶಿಷ್ಯರು. ಸಂಸ್ಕೃತದ ಪ್ರಶ್ನೋತ್ತರ ರತ್ನಮಾಲಿಕೆಯೆಂಬ ಕಿರುಕೃತಿಯ ಸೊಗಸು ಕೂಡ ಚಿಕ್ಕ ಪ್ರಶ್ನೆಗೆ ಚಿಕ್ಕ ಉತ್ತರವೆಂಬ ಜೋಡಣೆಯಲ್ಲಿದೆ. ಅದನ್ನು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ರಚನೆಯೆಂದು ಜೈನ ಪರಂಪರೆ ಭಾವಿಸಿದೆ. ಬೇರೆ ಪರಂಪರೆಗಳು ಅದನ್ನು ಶಂಕರಾಚಾರ್ಯರಿಗೂ ವಿಮಲನೆಂಬವನಿಗೂ ಸಲ್ಲಿಸಿವೆ.

ಈ ರೂಢಿಗೆ ಶಾಸ್ತ್ರದ ನೆಲೆಯನ್ನು ಒದಗಿಸಿದ್ದು ಉಮಾಸ್ವಾಮಿಯ ತತ್ತ್ವಾರ್ಥಸೂತ್ರ. ಅದರ ಒಂಬತ್ತನೆಯ ಅಧ್ಯಾಯದಲ್ಲಿ ಆರು ಅಂತರಂಗ ತಪಸ್ಸುಗಳನ್ನು ಹೇಳುವಾಗ ಸ್ವಾಧ್ಯಾಯವೂ ಬರುತ್ತದೆ. ಅದು ಐದು ಬಗೆ. ಗ್ರಂಥವನ್ನೂ ಅರ್ಥವನ್ನೂ ಪಾಠ ಹೇಳುವುದು ವಾಚನೆ. ಸಂದೇಹವನ್ನು ಕಳೆದುಕೊಳ್ಳಲು, ಅಥವಾ ತಿಳಿದುದನ್ನು ಗಟ್ಟಿಮಾಡಿಕೊಳ್ಳಲು ಇನ್ನೊಬ್ಬರನ್ನು ಕೇಳುವುದು ಪೃಚ್ಛನೆ. ತಿಳಿದ ಅರ್ಥವನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಮಥಿಸುವುದು ಅನುಪ್ರೇಕ್ಷೆ. ಉಚ್ಚಾರ ಕೆಡದಂತೆ ಪುನರಾವರ್ತಿಸುವುದು ಆಮ್ನಾಯ. ತಿಳಿದುದನ್ನು ಇತರರಿಗೆ ಹೇಳುವುದು ಧರ್ಮೋಪದೇಶ. ಪೃಚ್ಛನೆಗೆ ಎರಡು ಪ್ರಯೋಜನಗಳನ್ನು ಸೂಚಿಸಿದವರು ಸರ್ವಾರ್ಥಸಿದ್ಧಿಯ ಕರ್ತೃವಾದ ಪೂಜ್ಯಪಾದರು. ಅಧ್ಯಯನವೆಂಬ ಕ್ರಿಯೆಯನ್ನು ಇಷ್ಟು ಸಂಕ್ಷೇಪವಾಗಿ, ಇಷ್ಟು ಪೂರ್ಣವಾಗಿ ವಿಂಗಡಿಸಿದ ಸೂತ್ರಗಳು ವಿರಳ. ಇಂದಿನ ಸಾಹಿತ್ಯದ ತರಗತಿಗೆ ಬಂದಿರುವ ಹೊಸ ಉಪಕರಣಗಳಲ್ಲಿ ಒಂದಾದ ಆನ್‌ಲೈನ್ ರಸಪ್ರಶ್ನೆಯನ್ನು ಅಳೆಯುವುದಕ್ಕೂ ಇದು ಒದಗುತ್ತದೆ.

ಇಂಥ ರಸಪ್ರಶ್ನೆಗಳಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು ಕಹೂಟ್. ನಾರ್ವೆಯ ಟ್ರೊಂಡ್‌ಹೈಮ್ ನಗರದ ತಂತ್ರವಿಜ್ಞಾನ ವಿಶ್ವವಿದ್ಯಾಲಯದಲ್ಲಿ ಆಲ್ಫ್ ಇಂಗೆ ವಾಂಗ್ ಎಂಬ ಪ್ರಾಧ್ಯಾಪಕರು 2006ರ ಸುಮಾರಿಗೆ ಉಪನ್ಯಾಸದ ನಡುವೆ ಆಡಬಹುದಾದ ರಸಪ್ರಶ್ನೆಯ ಪ್ರಯೋಗಗಳನ್ನು ಆರಂಭಿಸಿದರು. ಆ ಸಂಶೋಧನೆಯ ಬೆನ್ನಲ್ಲಿ ಬೆಳೆದ ಕಹೂಟ್ 2013ರಲ್ಲಿ ಸಾರ್ವಜನಿಕರಿಗೆ ದೊರಕಿತು. ಅದರ ಮೂಲ ಸ್ವರೂಪ ಸರಳ. ತರಗತಿಯ ಮುಂದಿನ ದೊಡ್ಡ ಪರದೆಯ ಮೇಲೆ ಪ್ರಶ್ನೆಯೂ ನಾಲ್ಕು ಉತ್ತರಗಳೂ ಮೂಡುತ್ತವೆ. ವಿದ್ಯಾರ್ಥಿಯ ಮೊಬೈಲಿನಲ್ಲಿ ಕೆಂಪು ತ್ರಿಕೋನ, ನೀಲಿ ವಜ್ರಾಕೃತಿ, ಹಳದಿ ವೃತ್ತ, ಹಸಿರು ಚೌಕ ಎಂಬ ನಾಲ್ಕು ಗುರುತುಗಳಿರುತ್ತವೆ. ತನಗೆ ಸರಿಯೆನಿಸಿದ ಗುರುತನ್ನು ಅವನು ಒತ್ತುತ್ತಾನೆ. ಹಿನ್ನೆಲೆಯಲ್ಲಿ ಸಂಗೀತ, ಪರದೆಯ ಮೇಲೆ ಇಳಿಯುತ್ತಿರುವ ಸೆಕೆಂಡುಗಳು. ಸರಿಯುತ್ತರವನ್ನು ಬೇಗ ಕೊಟ್ಟವನಿಗೆ ಸಾವಿರದವರೆಗೆ ಅಂಕ. ಕೊನೆಯ ಕ್ಷಣದಲ್ಲಿ ಕೊಟ್ಟವನಿಗೆ ಅದರ ಅರ್ಧದಷ್ಟು. ಪ್ರತಿ ಪ್ರಶ್ನೆಯ ಅನಂತರ ಮುಂದಿರುವವರ ಹೆಸರುಗಳು ಪರದೆಯನ್ನೇರುತ್ತವೆ.

ಇದೇ ಬಳಗದ ಇನ್ನೊಂದು ಉಪಕರಣವಾದ ಕ್ವಿಜಿಜ್ 2015ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಅಂಕಿತ್ ಗುಪ್ತಾ ಮತ್ತು ದೀಪಕ್ ಜಾಯ್ ಚೀನತ್ ಅದರ ಸ್ಥಾಪಕರು. 2025ರಲ್ಲಿ ಅದು ವೇಗ್ರೌಂಡ್ ಎಂಬ ಹೊಸ ಹೆಸರನ್ನು ತಾಳಿತು. ಇದರಲ್ಲಿ ಪ್ರಶ್ನೆಯು ಪ್ರತಿಯೊಬ್ಬ ವಿದ್ಯಾರ್ಥಿಯ ಪರದೆಯ ಮೇಲೆಯೇ ಬರುತ್ತದೆ ಮತ್ತು ಅವರವರು ತಮ್ಮ ತಮ್ಮ ಗತಿಯಲ್ಲಿ ಮುಂದೆ ಸಾಗಬಹುದು. ಮೇಲ್ನೋಟಕ್ಕೆ ಸಣ್ಣದೆಂದು ತೋರುವ ಈ ವ್ಯತ್ಯಾಸ ಸಾಹಿತ್ಯದ ತರಗತಿಯಲ್ಲಿ ಸಣ್ಣದಲ್ಲ. ಕಂದಪದ್ಯವೊಂದರ ಅನ್ವಯವನ್ನು ಬಿಡಿಸಲು ಒಬ್ಬನಿಗೆ ಅರ್ಧ ನಿಮಿಷ ಸಾಕು, ಮತ್ತೊಬ್ಬನಿಗೆ ಎರಡು ನಿಮಿಷ ಬೇಕು. ಎರಡು ನಿಮಿಷ ತೆಗೆದುಕೊಂಡವನ ಅನ್ವಯವೇ ಹೆಚ್ಚು ಸಮರ್ಪಕವಾಗಿರಲೂ ಸಾಧ್ಯ.

ಆಟವು ಗಂಭೀರವಾದ ಪಾಠಕ್ಕೆ ತಕ್ಕುದಲ್ಲವೆಂಬ ಆಕ್ಷೇಪ ಹಿರಿಯ ಅಧ್ಯಾಪಕರಿಂದ ಕೇಳಿಬರುವುದುಂಟು. ಈ ಆಕ್ಷೇಪಕ್ಕೆ ಪರಂಪರೆಯ ಬೆಂಬಲ ಅಷ್ಟಾಗಿ ಇಲ್ಲ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ, ಪ್ರಥಮ ತೀರ್ಥಂಕರನನ್ನು ಗರ್ಭದಲ್ಲಿ ಧರಿಸಿದ ಮರುದೇವಿಯನ್ನು ದೇವಕನ್ಯೆಯರು ಪ್ರಹೇಲಿಕೆಗಳಿಂದಲೂ ನಾನಾ ಬಗೆಯ ಚಿತ್ರಪ್ರಶ್ನೆಗಳಿಂದಲೂ ರಂಜಿಸುತ್ತಾರೆ. ಆಕೆಯು ಒಂದೊಂದಕ್ಕೂ ಉತ್ತರ ಕೊಡುತ್ತಾಳೆ. ಪುರಾಣದ ಅತ್ಯಂತ ಪವಿತ್ರ ಸಂದರ್ಭವೊಂದರಲ್ಲಿ ಕವಿಯು ಒಗಟಿನಾಟಕ್ಕೆ ಎಡೆಮಾಡಿಕೊಟ್ಟಿದ್ದಾನೆ. ಉತ್ತರವು ಪ್ರಶ್ನೆಯ ಅಕ್ಷರಗಳಲ್ಲಿಯೇ ಅಡಗಿದ್ದರೆ ಅದು ಅಂತರ್ಲಾಪ; ಹೊರಗಿನಿಂದ ತಂದುಕೊಳ್ಳಬೇಕಾದರೆ ಬಹಿರ್ಲಾಪ. ಅಂತರ್ಲಾಪವನ್ನು ಬಿಡಿಸಬೇಕಾದವನು ಪದ್ಯವನ್ನು ಮತ್ತೊಮ್ಮೆ, ಮಗುದೊಮ್ಮೆ ಓದಲೇಬೇಕು. ಆದ್ದರಿಂದ ಆಟ ಬೇಕೇ ಬೇಡವೇ ಎಂಬುದಕ್ಕಿಂತ, ಆಟವು ಆಡುವವನನ್ನು ಪಠ್ಯದ ಕಡೆಗೆ ಮರಳಿಸುತ್ತದೆಯೇ ಎಂಬ ವಿಚಾರವೇ ಮುಖ್ಯವಾಗುತ್ತದೆ.

ಮೊದಲು ರಸಪ್ರಶ್ನೆಯ ಗುಣವನ್ನು ಒಪ್ಪಿಕೊಳ್ಳಬೇಕು. ಹಳಗನ್ನಡದ ತರಗತಿಯಲ್ಲಿ ಅಧ್ಯಾಪಕರು ಒಂದು ಪ್ರಶ್ನೆಯನ್ನು ಕೇಳಿದಾಗ ಸಾಮಾನ್ಯವಾಗಿ ಮುಂದಿನ ಬೆಂಚಿನ ಒಬ್ಬಿಬ್ಬರು ಉತ್ತರಿಸುತ್ತಾರೆ. ಉಳಿದವರ ತಲೆ ಪುಸ್ತಕದ ಮೇಲೆ ಬಾಗುತ್ತದೆ. ಆ ಮೌನಕ್ಕೆ ಅಜ್ಞಾನವೊಂದೇ ಕಾರಣವಲ್ಲ. ತಪ್ಪು ಹೇಳಿ ನಗೆಗೀಡಾಗುವ ಅಂಜಿಕೆ, ಱಕಾರ ೞಕಾರಗಳ ಮುಂದೆ ನಾಲಗೆ ತಡವರಿಸೀತೆಂಬ ಸಂಕೋಚ, ಊರಿನ ಆಡುನುಡಿಯನ್ನು ಮರೆಮಾಡುವ ಹವಣಿಕೆ, ಇವೆಲ್ಲ ಅದರಲ್ಲಿ ಸೇರಿವೆ. ಅಂಕಿತನಾಮದ ಮರೆಯಲ್ಲಿ ಗುರುತನ್ನು ಒತ್ತಬಹುದಾದಾಗ ಅರುವತ್ತು ಜನರ ತರಗತಿಯಲ್ಲಿ ಅರುವತ್ತು ಉತ್ತರಗಳೂ ಬರುತ್ತವೆ. ಅರ್ಧದಷ್ಟು ಜನ ಚಂಪೂ ಎಂದರೆ ಒಂದು ಛಂದಸ್ಸೆಂದು ಭಾವಿಸಿದ್ದಾರೆಂಬ ಸಂಗತಿ ಅಧ್ಯಾಪಕರಿಗೆ ಸೆಮಿಸ್ಟರಿನ ಕೊನೆಯ ಉತ್ತರಪತ್ರಿಕೆಯಲ್ಲಿ ತಿಳಿಯುವ ಬದಲು ಎರಡನೆಯ ವಾರದಲ್ಲಿಯೇ ತಿಳಿಯುತ್ತದೆ. ಪಾಠವನ್ನು ತಿದ್ದಿಕೊಳ್ಳಲು ಆಗ ಸಮಯವಿರುತ್ತದೆ.

ಎರಡನೆಯ ಗುಣ ನೆನಪಿಗೆ ಸಂಬಂಧಿಸಿದ್ದು. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ವಿಷಯದಲ್ಲಿ ಪ್ರಸಿದ್ಧವಾಗಿದೆ. ಗದ್ಯಭಾಗವೊಂದನ್ನು ಓದಿದ ವಿದ್ಯಾರ್ಥಿಗಳಲ್ಲಿ ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿದ್ದುದನ್ನು ಬರೆದರು. ಐದು ನಿಮಿಷದ ಅನಂತರ ಪರೀಕ್ಷಿಸಿದಾಗ ಮತ್ತೆ ಓದಿದವರದೇ ಮೇಲುಗೈ. ಎರಡು ದಿನಗಳ ಅನಂತರ, ಒಂದು ವಾರದ ಅನಂತರ ಪರೀಕ್ಷಿಸಿದಾಗ ನೆನಪಿನಿಂದ ಬರೆದವರೇ ಹೆಚ್ಚು ಉಳಿಸಿಕೊಂಡಿದ್ದರು. ಓಲೆಗರಿಯ ಕಾಲದ ಗುರುಗಳಿಗೆ ಇದು ಹೊಸ ಸಂಗತಿಯೇನೂ ಅಲ್ಲ. ಒಪ್ಪಿಸುವುದೆಂಬ ಪದ್ಧತಿಯ ತಿರುಳು ಇದೇ. ಆದರೆ ಒಂದು ಎಚ್ಚರಿಕೆ ಅಗತ್ಯ. ಆ ಪ್ರಯೋಗದ ವಿದ್ಯಾರ್ಥಿಗಳು ಉತ್ತರವನ್ನು ನೆನಪಿನಿಂದ ತೆಗೆದು ಬರೆದರೇ ಹೊರತು, ಕಣ್ಣೆದುರಿಗಿದ್ದ ನಾಲ್ಕರಲ್ಲಿ ಒಂದನ್ನು ಆರಿಸಲಿಲ್ಲ. ಗುರುತಿಸುವುದು ಬೇರೆ, ಸ್ಮರಿಸುವುದು ಬೇರೆ. ಉತ್ತರವನ್ನು ಅಕ್ಷರಗಳಲ್ಲಿ ಟೈಪಿಸಬೇಕಾದ ಪ್ರಶ್ನೆಗಳನ್ನು ಕೊಡುವ ಸೌಲಭ್ಯವೂ ಈ ಉಪಕರಣಗಳಲ್ಲಿದೆ. ನೆನಪಿನ ಅಭ್ಯಾಸವೇ ಗುರಿಯಾದಾಗ ಅದನ್ನು ಬಳಸುವುದು ಲೇಸು.

ಇನ್ನು ದೋಷಗಳ ವಿಚಾರ. ಕಹೂಟ್ ಕುರಿತ 93 ಅಧ್ಯಯನಗಳನ್ನು ಸಮೀಕ್ಷಿಸಿ ವಾಂಗ್ ಮತ್ತು ರಬೈಲ್ ತಾಹಿರ್ 2020ರಲ್ಲಿ ಬರೆದ ಲೇಖನವು, ಕಲಿಕೆ, ತರಗತಿಯ ಲವಲವಿಕೆ, ವಿದ್ಯಾರ್ಥಿಗಳ ಮನೋಭಾವ ಇವುಗಳ ಮೇಲೆ ಒಳ್ಳೆಯ ಪರಿಣಾಮವಾಗುತ್ತದೆಂದು ಒಟ್ಟಿನಲ್ಲಿ ಹೇಳಿದರೂ ತೊಡಕುಗಳನ್ನು ಮರೆಮಾಚಲಿಲ್ಲ. ನೆಚ್ಚಲಾಗದ ಅಂತರ್ಜಾಲ ಸಂಪರ್ಕ, ಪರದೆಯ ಮೇಲಿನ ಪ್ರಶ್ನೆಯನ್ನು ಓದುವ ಕಷ್ಟ, ಒಮ್ಮೆ ಒತ್ತಿದ ಉತ್ತರವನ್ನು ಬದಲಿಸಲಾಗದಿರುವುದು, ಸಮಯದ ಒತ್ತಡ, ಸೋಲುವ ಭಯ, ಒಂದು ಉತ್ತರ ತಪ್ಪಿದರೆ ಮತ್ತೆ ಮುಂದಿನವರನ್ನು ಹಿಡಿಯಲಾಗದ ಸ್ಥಿತಿ, ಇವು ಅಲ್ಲಿ ವರದಿಯಾದ ಸಮಸ್ಯೆಗಳು. ಇದೇ ಉಪಕರಣವನ್ನು ಐದು ತಿಂಗಳ ಕಾಲ ಮತ್ತೆ ಮತ್ತೆ ಬಳಸಿದಾಗ ಮೊದಲ ದಿನದ ಉತ್ಸಾಹ ಸ್ವಲ್ಪ ಸವೆಯುತ್ತದೆಂದು 2015ರ ಇನ್ನೊಂದು ಅಧ್ಯಯನದಲ್ಲಿ ವಾಂಗ್ ಅವರೇ ತೋರಿಸಿದ್ದಾರೆ. ಪೂರ್ತಿಯಾಗಿ ಕುಂದುವುದಿಲ್ಲವೆಂಬುದನ್ನೂ ಹೇಳಿದ್ದಾರೆ.

ಕನ್ನಡದ ತರಗತಿಗೆ ಇವುಗಳ ಜೊತೆಗೆ ತನ್ನದೇ ಆದ ತೊಡಕುಗಳಿವೆ. ಪ್ರಶ್ನೆಗೂ ಉತ್ತರಕ್ಕೂ ಇಷ್ಟೇ ಅಕ್ಷರಗಳೆಂಬ ಮಿತಿಯನ್ನು ಇಂಥ ಉಪಕರಣಗಳು ವಿಧಿಸುತ್ತವೆ. ಕನ್ನಡದ ಓದುಗನಿಗೆ ‘ಸ್ತ್ರೀ’ ಎಂಬುದು ಒಂದೇ ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು ಆರು ಸಂಕೇತಗಳ ಸರಣಿ. ಸಂಕೇತಗಳನ್ನು ಎಣಿಸುವ ಯಂತ್ರದಲ್ಲಿ ಒತ್ತಕ್ಷರಗಳು ತುಂಬಿದ ವೃತ್ತವೊಂದರ ಒಂದು ಪಾದವನ್ನು ಹಾಕುವಷ್ಟರಲ್ಲಿ ಮಿತಿ ಮೀರಿರುತ್ತದೆ. ಹೀಗಾಗಿ ಪದ್ಯವನ್ನು ಬಿಟ್ಟು ಪದ್ಯದ ಬಗೆಗಿನ ಮಾಹಿತಿಯನ್ನು ಕೇಳುವ ಕಡೆಗೆ ಪ್ರಶ್ನೆ ತಾನಾಗಿ ವಾಲುತ್ತದೆ. ಟೈಪಿಸುವ ಉತ್ತರದಲ್ಲಿ ಒಂದು ದೀರ್ಘ ತಪ್ಪಿದರೂ ಯಂತ್ರವು ಅದನ್ನು ತಪ್ಪೆಂದೇ ಎಣಿಸಬಹುದು; ಕೃತಿ ಗೊತ್ತಿದ್ದವನು ಕಾಗುಣಿತದಲ್ಲಿ ಸೋಲುತ್ತಾನೆ.

ಇದಕ್ಕಿಂತ ಗಂಭೀರವಾದುದು ವಿದ್ವತ್ತಿನ ಸಮಸ್ಯೆ. ಒಂದು ಉದಾಹರಣೆ: ಕವಿರಾಜಮಾರ್ಗದ ಕರ್ತೃ ಯಾರು? ಪರದೆಯ ಮೇಲೆ ನೃಪತುಂಗ, ಶ್ರೀವಿಜಯ, ಪಂಪ, ನಾಗವರ್ಮ ಎಂಬ ನಾಲ್ಕು ಹೆಸರುಗಳು ಮೂಡುತ್ತವೆ. ಶ್ರೀವಿಜಯ ಎಂಬುದನ್ನು ಒತ್ತಿದವನಿಗೆ ಅಂಕ, ನೃಪತುಂಗ ಎಂದವನಿಗೆ ಸೊನ್ನೆ, ಪಂಪ ಎಂದವನಿಗೂ ಸೊನ್ನೆ. ಆದರೆ ಕೊನೆಯ ಎರಡು ಉತ್ತರಗಳು ಸಮಾನವಾದ ತಪ್ಪುಗಳೇ? ಕೆ. ಬಿ. ಪಾಠಕರು 1898ರಲ್ಲಿ ಆ ಗ್ರಂಥವನ್ನು ಸಂಪಾದಿಸಿದಾಗ ಅದನ್ನು ನೃಪತುಂಗನದೆಂದೇ ಎಣಿಸಿದ್ದರು. ಗ್ರಂಥದೊಳಗಿನ ಆಧಾರಗಳನ್ನು ತೂಗಿ ನೋಡಿದ ವಿದ್ವಾಂಸರು ಮುಂದೆ ಅದು ನೃಪತುಂಗನ ಮತವನ್ನು ಅನುಸರಿಸಿ ಶ್ರೀವಿಜಯನು ರಚಿಸಿದ್ದೆಂಬ ನಿಲುವಿಗೆ ಬಂದರು. ಒಂದು ಉತ್ತರದ ಹಿಂದೆ ಕನ್ನಡ ಸಂಶೋಧನೆಯ ದೀರ್ಘ ಚರ್ಚೆಯೇ ಇದೆ. ಇನ್ನೊಂದರ ಹಿಂದೆ ಏನೂ ಇಲ್ಲ. ಯಂತ್ರವು ಎರಡಕ್ಕೂ ಒಂದೇ ಕೆಂಪು ಗುರುತನ್ನು ಹಾಕುತ್ತದೆ. ವಡ್ಡಾರಾಧನೆಯ ವಿಷಯದಲ್ಲಿಯೂ ಹೀಗೆಯೇ. ಶಿವಕೋಟ್ಯಾಚಾರ್ಯ ಎಂಬ ಹೆಸರನ್ನು ಸರಿಯುತ್ತರವಾಗಿ ಕೊಟ್ಟ ಅಧ್ಯಾಪಕ, ಆ ಹತ್ತೊಂಬತ್ತು ಕತೆಗಳ ಗ್ರಂಥದ ಕರ್ತೃ ಭ್ರಾಜಿಷ್ಣುವೆಂದೂ ಅದರ ನಿಜನಾಮ ಬೇರೆಯೆಂದೂ ಮಂಡಿತವಾಗಿರುವ ವಾದವನ್ನು ಓದಿಬಂದ ವಿದ್ಯಾರ್ಥಿಗೆ ಸೊನ್ನೆ ಕೊಡಬೇಕಾಗುತ್ತದೆ. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಓದಿದವನೇ ಅಂದಿನ ಆಟದಲ್ಲಿ ಹಿಂದೆ ಬೀಳುತ್ತಾನೆ.

ತಪ್ಪು ಉತ್ತರಗಳಿಗೆ ಇನ್ನೊಂದು ಅಪಾಯವೂ ಇದೆ. ಬಹು ಆಯ್ಕೆಯ ಪರೀಕ್ಷೆಯಲ್ಲಿ ವಿದ್ಯಾರ್ಥಿಯು ಆರಿಸಿಕೊಂಡ ತಪ್ಪು ಉತ್ತರವು ಅನಂತರ ಸತ್ಯದ ವೇಷದಲ್ಲಿ ನೆನಪಿಗೆ ಬರಬಹುದೆಂದು ರೋಡಿಗರ್ ಮತ್ತು ಎಲಿಜಬೆತ್ ಮಾರ್ಷ್ 2005ರಲ್ಲಿ ತೋರಿಸಿದರು. ಉತ್ತರದ ಬೆನ್ನಿಗೇ ಸರಿಯಾದುದನ್ನು ತಿಳಿಸಿದರೆ ಆ ಹಾನಿ ಕಡಿಮೆಯಾಗುತ್ತದೆಂಬುದು ಅನಂತರದ ಅಧ್ಯಯನಗಳಿಂದ ತಿಳಿದುಬಂದಿದೆ. ಆಟವು ಮುಂದಿನ ಪ್ರಶ್ನೆಗೆ ಅವಸರಿಸುವಾಗ ಅಧ್ಯಾಪಕರು ಅದನ್ನು ತಡೆದು, ಈ ಉತ್ತರ ಏಕೆ ಸರಿ, ಉಳಿದವು ಏಕೆ ಅಲ್ಲ ಎಂಬುದನ್ನು ಎರಡು ಮಾತಿನಲ್ಲಿಯಾದರೂ ಹೇಳದೆ ಹೋದರೆ, ತರಗತಿಯಿಂದ ಹೊರಗೆ ಹೋಗುವವನ ತಲೆಯಲ್ಲಿ ಪೊನ್ನನ ಕೃತಿ ರನ್ನನದಾಗಿ ಉಳಿದುಬಿಡಬಹುದು. ಹತ್ತು ಪ್ರಶ್ನೆಗಳನ್ನು ಐದು ನಿಮಿಷದಲ್ಲಿ ಮುಗಿಸುವುದಕ್ಕಿಂತ ನಾಲ್ಕು ಪ್ರಶ್ನೆಗಳ ಮೇಲೆ ಇಪ್ಪತ್ತು ನಿಮಿಷ ನಿಲ್ಲುವುದು ಉತ್ತಮವೆನ್ನುವುದು ಈ ಕಾರಣದಿಂದ.

ಪ್ರಶ್ನೆಯ ಯೋಗ್ಯತೆಯೂ ಪರಿಶೀಲನೆಗೆ ಅರ್ಹ. ಪಂಪನ ಆದಿಪುರಾಣದ ನೀಲಾಂಜನೆಯ ನೃತ್ಯಪ್ರಸಂಗವನ್ನು ತೆಗೆದುಕೊಳ್ಳಬಹುದು. ನರ್ತಿಸುತ್ತಿರುವಾಗಲೇ ನೀಲಾಂಜನೆಯ ಆಯುಸ್ಸು ಮುಗಿದು ಆಕೆಯ ದೇಹ ಅದೃಶ್ಯವಾಗುತ್ತದೆ. ರಸಭಂಗವಾಗಬಾರದೆಂದು ಇಂದ್ರನು ಆ ಕ್ಷಣದಲ್ಲಿಯೇ ಅವಳಂತೆಯೇ ಇರುವ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಏನೂ ತಿಳಿಯುವುದಿಲ್ಲ. ವೃಷಭನಾಥನೊಬ್ಬನಿಗೆ ತಿಳಿಯುತ್ತದೆ, ಮತ್ತು ಅದೇ ಅವನ ವೈರಾಗ್ಯಕ್ಕೆ ಕಾರಣವಾಗುತ್ತದೆ. ಮತ್ತೊಬ್ಬ ನರ್ತಕಿಯನ್ನು ಸೃಷ್ಟಿಸಿದವರು ಯಾರು ಎಂಬ ಪ್ರಶ್ನೆಗೆ ಇಂದ್ರ ಎಂಬ ಉತ್ತರ ಸರಿ. ಆದರೆ ಆ ಉತ್ತರವನ್ನು ಕಥಾಸಾರದಿಂದಲೂ ಕೊಡಬಹುದು, ಪಂಪನನ್ನು ಓದಬೇಕಾಗಿಲ್ಲ. ಇಡೀ ಸಭೆ ಕಾಣದುದನ್ನು ಒಬ್ಬನು ಕಂಡದ್ದು ಹೇಗೆ, ನೋಡುವುದಕ್ಕೂ ಕಾಣುವುದಕ್ಕೂ ಇರುವ ಅಂತರವನ್ನು ಕವಿ ಯಾವ ಪದಗಳಿಂದ ಸೂಚಿಸಿದ್ದಾನೆ ಎಂದು ಕೇಳಿದಾಗ ವಿದ್ಯಾರ್ಥಿ ಪದ್ಯದ ಬಳಿಗೆ ಹೋಗಲೇಬೇಕು. ಇಂಥ ಪ್ರಶ್ನೆಯನ್ನು ಇಪ್ಪತ್ತು ಸೆಕೆಂಡುಗಳ ಗಡಿಯಾರದ ಕೆಳಗೆ ಇಡುವುದು ಆ ಪ್ರಸಂಗಕ್ಕೇ ವಿರೋಧ. ಅವಸರದ ಕಣ್ಣಿಗೆ ಇಬ್ಬರು ನರ್ತಕಿಯರೂ ಒಂದೇ.

ಒಂದಕ್ಕಿಂತ ಹೆಚ್ಚು ಉತ್ತರಗಳಿರುವ ಪ್ರಶ್ನೆಗಳನ್ನು ಜೈನ ಪರಂಪರೆ ಹೇಗೆ ಎದುರಿಸಿತೆಂಬುದಕ್ಕೆ ಭಗವತೀಸೂತ್ರದ ಜಯಂತಿಯ ಪ್ರಸಂಗ ನಿದರ್ಶನ. ಕೌಶಾಂಬಿಯ ಶ್ರಾವಿಕೆಯಾದ ಜಯಂತಿಯು ಮಹಾವೀರರನ್ನು, ಮಲಗಿರುವುದು ಲೇಸೋ ಎಚ್ಚರವಾಗಿರುವುದು ಲೇಸೋ ಎಂದು ಕೇಳುತ್ತಾಳೆ. ಕೆಲವು ಜೀವರಿಗೆ ಮಲಗಿರುವುದು ಲೇಸು, ಕೆಲವು ಜೀವರಿಗೆ ಎಚ್ಚರವಾಗಿರುವುದು ಲೇಸು ಎಂದು ಉತ್ತರ ಬರುತ್ತದೆ. ಅಧರ್ಮದಲ್ಲಿ ತೊಡಗಿದವರು ಮಲಗಿದ್ದರೆ ಇತರ ಜೀವಿಗಳಿಗೆ ನೋವು ತಪ್ಪುತ್ತದೆ. ಧರ್ಮದಲ್ಲಿ ನಡೆಯುವವರು ಎಚ್ಚರವಾಗಿದ್ದರೆ ಇತರರಿಗೆ ಹಿತವಾಗುತ್ತದೆ. ಪ್ರಶ್ನೆಯನ್ನು ವಿಭಜಿಸಿ ಉತ್ತರಿಸುವ ಈ ಕ್ರಮದಲ್ಲಿ ಅನೇಕಾಂತದ ಬೀಜವನ್ನು ವಿದ್ವಾಂಸರು ಗುರುತಿಸಿದ್ದಾರೆ. ಕಹೂಟಿನ ನಾಲ್ಕು ಬಣ್ಣಗಳಲ್ಲಿ ಜಯಂತಿಯ ಪ್ರಶ್ನೆಯನ್ನು ಇಟ್ಟರೆ ಯಾವ ಬಣ್ಣಕ್ಕೆ ಅಂಕ ಕೊಡಬೇಕು?

ಯಾವುದಕ್ಕೂ ಕೊಡಬೇಕಾಗಿಲ್ಲವೆಂಬುದೇ ಇದಕ್ಕೆ ಪರಿಹಾರ. ಅಂಕಗಳಿಲ್ಲದ ಪ್ರಶ್ನೆಯನ್ನು, ಸರಿಯುತ್ತರವಿಲ್ಲದ ಮತಗಣನೆಯನ್ನು ನಡೆಸಲು ಈ ಉಪಕರಣಗಳಲ್ಲಿ ಅವಕಾಶವಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ಪ್ರಾಧ್ಯಾಪಕರಾದ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ಅನುಸರಿಸಿದ ಕ್ರಮವೊಂದು ಇಲ್ಲಿ ಉಪಯುಕ್ತ. ಅವರು ಒಂದು ಪ್ರಶ್ನೆಯನ್ನು ಕೊಟ್ಟು ಪ್ರತಿಯೊಬ್ಬನೂ ತನ್ನ ಉತ್ತರವನ್ನು ಸೂಚಿಸುವಂತೆ ಮಾಡುತ್ತಿದ್ದರು. ಅನಂತರ ಪಕ್ಕದವನೊಡನೆ ವಾದಿಸಲು ಬಿಟ್ಟು, ಮತ್ತೊಮ್ಮೆ ಉತ್ತರವನ್ನು ಕೇಳುತ್ತಿದ್ದರು. ಎರಡು ಎಣಿಕೆಗಳ ನಡುವಿನ ಮಾತುಕತೆಯಲ್ಲಿ ಕಲಿಕೆ ನಡೆಯುತ್ತದೆಂಬುದು ಅವರ ಕಾಣ್ಕೆ. ಭೌತವಿಜ್ಞಾನದಲ್ಲಿ ಎರಡನೆಯ ಎಣಿಕೆ ಸರಿಯುತ್ತರದ ಕಡೆಗೆ ಸಾಗುತ್ತದೆ. ಸಾಹಿತ್ಯದಲ್ಲಿ ಅದು ಎರಡು ಸಮರ್ಥ ಓದುಗಳಾಗಿ ಕವಲೊಡೆದರೂ ನಷ್ಟವಿಲ್ಲ.

ಜನ್ನನ ಯಶೋಧರ ಚರಿತೆ (1209) ಈ ಕ್ರಮಕ್ಕೆ ಹೇಳಿಮಾಡಿಸಿದ ಕಾವ್ಯ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದ ಯಶೋಧರನು ಜೀವಂತ ಪ್ರಾಣಿಯ ಬದಲು ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಡುತ್ತಾನೆ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿ ಮಗ ಇಬ್ಬರೂ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ. ಈ ದುರಂತದಲ್ಲಿ ಹೆಚ್ಚಿನ ಹೊಣೆ ಯಾರದು ಎಂದು ಕೇಳಿ, ಯಶೋಧರ, ಚಂದ್ರಮತಿ, ಅಮೃತಮತಿ, ಕರ್ಮ ಎಂಬ ನಾಲ್ಕು ಆಯ್ಕೆಗಳನ್ನು ಕೊಟ್ಟು, ಯಾವುದಕ್ಕೂ ಅಂಕವಿಲ್ಲವೆಂದು ಮೊದಲೇ ಹೇಳಿಬಿಟ್ಟರೆ ಪರದೆಯ ಮೇಲಿನ ಸ್ತಂಭಗಳು ನಾಲ್ಕು ಎತ್ತರಗಳಲ್ಲಿ ಏಳುತ್ತವೆ. ಅಮೃತಮತಿಯನ್ನು ಆರಿಸಿದವರು ತಮ್ಮ ಆಯ್ಕೆಗೆ ಕಾವ್ಯದಿಂದ ಒಂದು ಪದ್ಯವನ್ನು ಆಧಾರವಾಗಿ ತೋರಿಸಬೇಕು; ಅವಳನ್ನು ಆರಿಸದವರು ಇನ್ನೊಂದನ್ನು ತೋರಿಸಬೇಕು. ಹಿಟ್ಟಿನ ಕೋಳಿಯಲ್ಲಿ ಜೀವವಿಲ್ಲದಿದ್ದರೂ ಕೊಂದವನಲ್ಲಿ ಕೊಲ್ಲುವ ಭಾವವಿತ್ತಲ್ಲವೇ ಎಂದು ಒಬ್ಬಳು ಕೇಳಿದರೆ, ಕೊಲ್ಲಲಾರೆನೆಂದೇ ಅವನು ಹಿಟ್ಟಿಗೆ ಒಪ್ಪಿದನಲ್ಲವೇ ಎಂದು ಇನ್ನೊಬ್ಬನು ಕೇಳುತ್ತಾನೆ. ದ್ರವ್ಯಹಿಂಸೆ ಭಾವಹಿಂಸೆಗಳ ಚರ್ಚೆಯನ್ನು ಅಧ್ಯಾಪಕರು ಹೊರಗಿನಿಂದ ತರಬೇಕಾಗಿಲ್ಲ. ಅದು ಬೆಂಚುಗಳ ನಡುವೆಯೇ ಹುಟ್ಟಿರುತ್ತದೆ. ಅಲ್ಲಿಗೆ ಯಂತ್ರದ ಕೆಲಸ ಮುಗಿಯಿತು. ಮೊಬೈಲನ್ನು ಚೀಲದಲ್ಲಿ ಇಡಿಸಿ ಪುಸ್ತಕವನ್ನು ತೆರೆಸಬಹುದು.

ಈಗ ತತ್ತ್ವಾರ್ಥಸೂತ್ರದ ಐದು ಬಗೆಗಳಿಗೆ ಮರಳಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪರದೆಯ ರಸಪ್ರಶ್ನೆಯನ್ನು ಪೃಚ್ಛನೆಯೆಂದು ಕರೆಯುವುದು ಸುಲಭ. ಆದರೆ ಪೃಚ್ಛನೆಯಲ್ಲಿ ಕೇಳುವವನು ಶಿಷ್ಯ. ಸಂದೇಹ ಅವನದು, ಪ್ರಶ್ನೆ ಅವನದು. ಗೌತಮರು ಕೇಳಿದರು, ಶ್ರೇಣಿಕನು ಕೇಳಿದನು, ಜಯಂತಿ ಕೇಳಿದಳು. ರಸಪ್ರಶ್ನೆಯಲ್ಲಿ ಕೇಳುವುದು ಯಂತ್ರ, ಉತ್ತರಿಸುವವನು ಶಿಷ್ಯ. ದಿಕ್ಕು ತಿರುಗಿಹೋಗಿದೆ. ತಿಳಿದುದನ್ನು ಗಟ್ಟಿಮಾಡಿಕೊಳ್ಳುವುದೆಂಬ ಪ್ರಯೋಜನ ಇದರಿಂದ ಸ್ವಲ್ಪ ಮಟ್ಟಿಗೆ ಸಾಧಿಸಬಹುದು. ಸಂದೇಹನಿವಾರಣೆಯೆಂಬ ಪ್ರಯೋಜನ ಸಾಧಿಸದು, ಏಕೆಂದರೆ ಸಂದೇಹವನ್ನು ವ್ಯಕ್ತಪಡಿಸಲು ಆ ನಾಲ್ಕು ಗುರುತುಗಳಲ್ಲಿ ಜಾಗವೇ ಇಲ್ಲ.

ಆದ್ದರಿಂದ ರಸಪ್ರಶ್ನೆಯ ಅತ್ಯುತ್ತಮ ಬಳಕೆಯೆಂದರೆ ಅದನ್ನು ರಚಿಸುವ ಹೊಣೆಯನ್ನು ವಿದ್ಯಾರ್ಥಿಗಳಿಗೇ ಒಪ್ಪಿಸುವುದು. ನಾಲ್ಕೈದು ಜನರ ಗುಂಪೊಂದಕ್ಕೆ ಗದಾಯುದ್ಧದ ಒಂದು ಆಶ್ವಾಸವನ್ನೋ ವಡ್ಡಾರಾಧನೆಯ ಒಂದು ಕತೆಯನ್ನೋ ಕೊಟ್ಟು, ಅದರಿಂದ ಐದು ಪ್ರಶ್ನೆಗಳನ್ನು ಸಿದ್ಧಪಡಿಸಿ ಬರಲು ಹೇಳಬೇಕು. ಸರಿಯುತ್ತರ ಬರೆಯುವುದು ಸುಲಭ. ಮೂರು ತಪ್ಪು ಉತ್ತರಗಳನ್ನು ಬರೆಯುವಾಗ ಓದಿನ ಆಳ ಬಯಲಾಗುತ್ತದೆ. ತಪ್ಪು ಉತ್ತರವು ತೀರ ಹಾಸ್ಯಾಸ್ಪದವಾಗಿದ್ದರೆ ಆಟ ಕೆಡುತ್ತದೆ. ನಂಬಲರ್ಹವಾಗಿರಬೇಕಾದರೆ, ಪಠ್ಯವನ್ನು ಅರೆಬರೆ ಓದಿದವನು ಎಲ್ಲಿ ಎಡವುತ್ತಾನೆಂಬುದು ರಚಿಸುವವನಿಗೆ ತಿಳಿದಿರಬೇಕು. ಸಮಾಸವನ್ನು ನಾಲ್ಕು ಬಗೆಯಾಗಿ ಬಿಡಿಸಿ ಒಂದೇ ಸರಿಯೆಂದು ಸಾಧಿಸಲು ಶಬ್ದಮಣಿದರ್ಪಣವನ್ನು ತೆರೆಯಬೇಕಾಗುತ್ತದೆ. ಪಾಠಾಂತರವಿರುವ ಪದದ ಮೇಲೆ ಪ್ರಶ್ನೆ ಮಾಡಲು ಸಂಪಾದಿತ ಆವೃತ್ತಿಯ ಅಡಿಟಿಪ್ಪಣಿಯನ್ನು ನೋಡಬೇಕಾಗುತ್ತದೆ. ಯಾವ ಪ್ರಶ್ನೆಗೆ ಒಂದೇ ಉತ್ತರವಿದೆ, ಯಾವುದಕ್ಕೆ ಇಲ್ಲ ಎಂಬ ವಿವೇಕ ಮೂಡುವುದೂ ಆಗಲೇ. ತಮ್ಮ ಪ್ರಶ್ನೆಯ ಸರಿಯುತ್ತರವನ್ನು ಸಹಪಾಠಿಗಳು ಆಕ್ಷೇಪಿಸಿದಾಗ ಆಧಾರ ಕೊಟ್ಟು ಸಮರ್ಥಿಸುವುದು, ಕೊಡಲಾಗದಿದ್ದರೆ ಹಿಂತೆಗೆದುಕೊಳ್ಳುವುದು ಸಂಶೋಧನೆಯ ಮೊದಲ ಶಿಸ್ತು.

ಹೀಗೆ ಮಾಡಿದಾಗ ಸ್ವಾಧ್ಯಾಯದ ಉಳಿದ ಅಂಗಗಳೂ ಒಂದೊಂದಾಗಿ ಸೇರಿಕೊಳ್ಳುತ್ತವೆ. ಪ್ರಶ್ನೆ ರಚಿಸಲು ಪಠ್ಯವನ್ನು ಓದಿದರೆ ವಾಚನೆ. ಉತ್ತರವನ್ನು ತೂಗಿ ನೋಡಿದರೆ ಅನುಪ್ರೇಕ್ಷೆ. ಸಹಪಾಠಿಗಳಿಗೆ ವಿವರಿಸಿದರೆ ಉಪದೇಶದ ಒಂದು ಕಿರುರೂಪ. ಆಮ್ನಾಯವೊಂದು ಮಾತ್ರ ಪರದೆಗೆ ದಕ್ಕದೆ ಹೊರಗೆ ಉಳಿಯುತ್ತದೆ. ಪದ್ಯವನ್ನು ಗಟ್ಟಿಯಾಗಿ ಓದುವುದು, ಯತಿಪ್ರಾಸಗಳನ್ನು ಕಿವಿಯಿಂದ ಗ್ರಹಿಸುವುದು, ತಪ್ಪಿದಾಗ ಗುರುವಿನಿಂದ ತಿದ್ದಿಸಿಕೊಳ್ಳುವುದು, ಇವನ್ನು ಅಧ್ಯಾಪಕರ ಕಂಠವೂ ವಿದ್ಯಾರ್ಥಿಯ ಕಂಠವೂ ಸೇರಿಯೇ ನಡೆಸಬೇಕು. ಗಮಕಿಗಳು ಉಳಿಸಿಕೊಂಡು ಬಂದ ಆ ವಿದ್ಯೆಗೆ ತರಗತಿಯ ಸಮಯದಲ್ಲಿ ಒಂದು ಪಾಲನ್ನು ಕಾದಿರಿಸದೆ, ಉಳಿದ ಸಮಯವನ್ನು ಎಷ್ಟು ಚೆಲುವಾಗಿ ತುಂಬಿದರೂ ಹಳಗನ್ನಡದ ಪಾಠ ಪೂರ್ಣವಾಗದು.

ಈ ವಿಚಾರವನ್ನು ಬರಿಯ ಬೋಧನಕ್ರಮದ ಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಕನ್ನಡದಲ್ಲಿ ಸಹಾಯಕ ಪ್ರಾಧ್ಯಾಪಕರ ಅರ್ಹತೆಯನ್ನು ನಿರ್ಧರಿಸುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಇಂದು ಮೂರು ಗಂಟೆಗಳಲ್ಲಿ 150 ಬಹು ಆಯ್ಕೆಯ ಪ್ರಶ್ನೆಗಳನ್ನು ಕೇಳುತ್ತದೆ. ಅದರಲ್ಲಿ ತೇರ್ಗಡೆಯಾಗಲು ಅಭ್ಯರ್ಥಿಯು ಒಂದು ವಾಕ್ಯವನ್ನಾದರೂ ಸ್ವಂತವಾಗಿ ಬರೆಯಬೇಕಾಗಿಲ್ಲ. ನಾಳೆ ಪಂಪನನ್ನು ಪಾಠ ಹೇಳಬೇಕಾದವರು ಇಂದು ಪಂಪನನ್ನು ಇಸವಿ, ಬಿರುದು, ಆಶ್ರಯದಾತ ಎಂಬ ಮೂರು ಖಾನೆಗಳಲ್ಲಿ ಅಭ್ಯಾಸ ಮಾಡುತ್ತಿದ್ದಾರೆ. ತರಗತಿಯ ರಸಪ್ರಶ್ನೆಯೂ ಅದೇ ಅಚ್ಚಿನಲ್ಲಿ ಎರಕಗೊಂಡರೆ, ಆಟದ ಹೆಸರಿನಲ್ಲಿ ಪರೀಕ್ಷೆಯ ಸಂಕುಚಿತತೆಯೇ ಒಳಗೆ ಬಂದಂತಾಗುತ್ತದೆ. ಪ್ರಶ್ನೆ ಕೇಳುವುದನ್ನು ಕಲಿಯದೆ ಅಧ್ಯಾಪಕನಾದವನ ಮುಂದೆ ಕುಳಿತ ವಿದ್ಯಾರ್ಥಿಗಳಿಗೂ ಕೇಳುವ ಅಭ್ಯಾಸ ಬರುವುದು ಕಷ್ಟ.

ಕೆಲವು ವ್ಯಾವಹಾರಿಕ ಸೂಚನೆಗಳನ್ನು ಇಲ್ಲಿ ಹೇಳಬಹುದು. ಎಲ್ಲರ ಬಳಿಯೂ ಒಳ್ಳೆಯ ಮೊಬೈಲು, ಸಾಕಷ್ಟು ಡೇಟಾ ಇರುವುದಿಲ್ಲ. ಮೂವರು ನಾಲ್ವರಿಗೆ ಒಂದು ಮೊಬೈಲಿನಂತೆ ತಂಡಗಳನ್ನು ಮಾಡಿದರೆ ಕೊರತೆಯೂ ನೀಗುತ್ತದೆ, ಉತ್ತರಕ್ಕೆ ಮೊದಲು ಪರಸ್ಪರ ಮಾತುಕತೆಯೂ ನಡೆಯುತ್ತದೆ. ಪದ್ಯವನ್ನು ಪರದೆಯ ಇಕ್ಕಟ್ಟಿಗೆ ತುರುಕದೆ ಕಪ್ಪುಹಲಗೆಯ ಮೇಲೋ ಮುದ್ರಿತ ಹಾಳೆಯಲ್ಲೋ ಪೂರ್ತಿಯಾಗಿ ಕೊಟ್ಟು, ಪರದೆಯಲ್ಲಿ ಪ್ರಶ್ನೆಯನ್ನಷ್ಟೇ ಇಡಬೇಕು. ವೇಗಕ್ಕೆ ಅಂಕ ಕೊಡುವ ವ್ಯವಸ್ಥೆಯನ್ನು ತೆಗೆದುಹಾಕಬೇಕು, ಅಥವಾ ಗಡಿಯಾರವನ್ನು ಸಾಧ್ಯವಾದಷ್ಟು ಸಡಿಲಿಸಬೇಕು. ವಿವಾದವಿರುವ ವಿಷಯದಲ್ಲಿ ‘ನಿರ್ಣಯವಾಗಿಲ್ಲ’ ಎಂಬುದನ್ನೂ ಒಂದು ಆಯ್ಕೆಯಾಗಿ ಕೊಡುವ ಧೈರ್ಯ ಅಧ್ಯಾಪಕರಿಗೆ ಬೇಕು. ವಾರಕ್ಕೊಮ್ಮೆಗಿಂತ ಹೆಚ್ಚು ಬಳಸದಿದ್ದರೆ ಉತ್ಸಾಹವೂ ಬೇಗ ಸವೆಯುವುದಿಲ್ಲ.

ಇವೆಲ್ಲಕ್ಕೂ ಮಿಗಿಲಾಗಿ, ಪ್ರತಿ ಆಟದ ಕೊನೆಯಲ್ಲಿ ಒಂದು ಖಾಲಿ ಜಾಗವನ್ನು ಉಳಿಸಬೇಕು. ಈ ಪಾಠದ ಬಗ್ಗೆ ಇನ್ನೂ ಉತ್ತರ ದೊರೆಯದ ಒಂದು ಪ್ರಶ್ನೆಯನ್ನು ಪ್ರತಿಯೊಬ್ಬರೂ ಬರೆದುಕೊಡಲಿ. ಮುಂದಿನ ತರಗತಿ ಅವುಗಳಲ್ಲಿ ಒಂದರಿಂದ ಆರಂಭವಾಗಲಿ. ಅಂಕಗಳ ಪಟ್ಟಿಯಲ್ಲಿ ಮೊದಲಿಗನಾಗಿ ಬಂದವನ ಹೆಸರು ಪರದೆ ಆರಿದೊಡನೆ ಮರೆಯಾಗುತ್ತದೆ. ಹಾಳೆಯ ಚೂರಿನಲ್ಲಿ ಬರೆದ ಒಂದು ಒಳ್ಳೆಯ ಪ್ರಶ್ನೆಯು ಬರೆದವನನ್ನು ಗ್ರಂಥಾಲಯದವರೆಗೆ, ಒಮ್ಮೊಮ್ಮೆ ಒಂದು ಸಂಶೋಧನ ಪ್ರಬಂಧದವರೆಗೆ ಕರೆದೊಯ್ಯಬಲ್ಲುದು.